ಮೂರು ಪಾಳಿಯ ಕೆಲಸದ ನಡುವೆ ಹಾಫ್ ಮ್ಯಾರಥಾನ್ ಅಭ್ಯಾಸವನ್ನು ಹೊಂದಿಸುವುದು ಹೇಗೆ?

ಕೋಟೆಗುಡ್ಡ (ಬಳ್ಳಾರಿ) ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ತೋರಣಗಲ್ಲು ಭಾಗದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತೇನೆ. ವಯಸ್ಸು ನಲವತ್ತರ ಹತ್ತಿರ. ಸದ್ಯ ಹತ್ತು ಕಿಲೋಮೀಟರನ್ನು ಒಂದು ಗಂಟೆ ಐದು ನಿಮಿಷದ ಆಸುಪಾಸಿನಲ್ಲಿ ಓಡುತ್ತೇನೆ. ಆಗಸ್ಟ್ ಕೊನೆಗೆ ಹೈದರಾಬಾದಿನಲ್ಲಿ ನಡೆಯುವ ಮ್ಯಾರಥಾನ್‌ನಲ್ಲಿ ಹಾಫ್, ಅಂದರೆ 21.1 ಕಿಲೋಮೀಟರ್, ಪೂರೈಸಬೇಕೆಂದು ನಿಶ್ಚಯಿಸಿದ್ದೇನೆ.

ಅಂತರ್ಜಾಲದಲ್ಲಿ ಸಿಗುವ ಅಭ್ಯಾಸದ ಪಟ್ಟಿಗಳೆಲ್ಲ ಭಾನುವಾರ ರಜೆ ಇರುವವರಿಗಾಗಿ, ದಿನವೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವವರಿಗಾಗಿ ಮಾಡಿದಂತಿವೆ. ನನಗೆ ಒಂದು ವಾರ ಬೆಳಿಗ್ಗೆ ಆರರಿಂದ ಎರಡು, ಮರುವಾರ ಮಧ್ಯಾಹ್ನ ಎರಡರಿಂದ ಹತ್ತು, ಅದರ ಮರುವಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕೆಲಸ. ಪಾಳಿ ಬದಲಾಗುವಾಗ ಒಂದು ದಿನ ರಜೆ. ಬಸ್ಸಿನ ಪ್ರಯಾಣಕ್ಕೆ ಹೋಗುವಾಗ ಬರುವಾಗ ತಲಾ ಒಂದು ಗಂಟೆ ಬೇಕು. ಮನೆಯಲ್ಲಿ ಇಬ್ಬರು ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಅವರಿಗೂ ಸಮಯ ಕೊಡಬೇಕು. ಓಡಲು ಜಿಲ್ಲಾ ಕ್ರೀಡಾಂಗಣವಿದೆ, ಸಂಗನಕಲ್ಲು ಕಡೆಯ ರಸ್ತೆಯಿದೆ, ಕೋಟೆಗುಡ್ಡದ ಬುಡದಲ್ಲಿ ಏರು ದಾರಿಯೂ ಇದೆ. ಜಾಗಕ್ಕೆ ಕೊರತೆಯಿಲ್ಲ.

ರಾತ್ರಿ ಪಾಳಿಯ ವಾರದಲ್ಲಿ ವೇಗದ ಓಟ ಮಾಡಬಹುದೇ, ಉದ್ದದ ಓಟವನ್ನು ಎಲ್ಲಿ ಕೂರಿಸಬೇಕು, ಈ ಬಿಸಿಲಿನಲ್ಲಿ ಏಪ್ರಿಲ್, ಮೇ ತಿಂಗಳುಗಳನ್ನು ಹೇಗೆ ದಾಟಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕೃಷ್ಣಾತೀರ (ರಾಯಚೂರು) ಅವರ ಉತ್ತರ:

ಸರ್, ನಾನು ಶಕ್ತಿನಗರದಲ್ಲಿದ್ದು ಇಂಥದೇ ಮೂರು ಪಾಳಿಯಲ್ಲಿ ದುಡಿಯುತ್ತಲೇ ಓಡಿದವನು. ನೀವು ಮೊದಲು ಬಿಡಬೇಕಾದದ್ದು ಏಳು ದಿನದ ವಾರದ ಲೆಕ್ಕವನ್ನು. ನಿಮ್ಮ ಕೆಲಸ ಇಪ್ಪತ್ತೊಂದು ದಿನಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆಯಾದ್ದರಿಂದ ಅಭ್ಯಾಸದ ಸುತ್ತನ್ನೂ ಇಪ್ಪತ್ತೊಂದು ದಿನಕ್ಕೇ ಕಟ್ಟಿಕೊಳ್ಳಿ. ಇಂದಿನಿಂದ ಆಗಸ್ಟ್ ಕೊನೆಯವರೆಗೆ ಅಂಥ ಆರು ಸುತ್ತುಗಳು ಸಿಗುತ್ತವೆ. ಹತ್ತು ಕಿಲೋಮೀಟರ್ ಈಗಾಗಲೇ ಓಡುತ್ತಿರುವವರಿಗೆ ಹಾಫ್ ಪೂರೈಸಲು ಅಷ್ಟು ಧಾರಾಳವಾಗಿ ಸಾಕು.

ಎರಡನೇ ಪಾಳಿಯ ವಾರವೇ ನಿಮ್ಮ ಮುಖ್ಯ ವಾರ. ರಾತ್ರಿ ಹನ್ನೊಂದಕ್ಕೆ ಮನೆ ಸೇರಿ, ಹಗುರವಾಗಿ ಉಂಡು, ಹನ್ನೆರಡರೊಳಗೆ ಮಲಗಿದರೆ ಬೆಳಿಗ್ಗೆ ಆರಕ್ಕೆ ಏಳಬಹುದು. ಮಧ್ಯಾಹ್ನದವರೆಗೆ ಹೊತ್ತು ನಿಮ್ಮದೇ ಆಗಿರುವುದರಿಂದ ಓಟದ ನಂತರ ಇನ್ನೊಂದು ಗಂಟೆ ಮಲಗಲೂ ಅವಕಾಶವಿದೆ. ಆ ವಾರದಲ್ಲಿ ಒಂದು ದಿನ ಕ್ರೀಡಾಂಗಣದಲ್ಲಿ ಟೆಂಪೋ ಓಟ, ಅಂದರೆ ಒಂದೇ ಸಮನಾದ ಚುರುಕು ವೇಗದ ಓಟ, ಇಟ್ಟುಕೊಳ್ಳಿ. ನಿಮ್ಮ ಈಗಿನ ಮಟ್ಟಕ್ಕೆ ಕಿಲೋಮೀಟರಿಗೆ ಆರೂವರೆ ನಿಮಿಷದ ಸುತ್ತಮುತ್ತ ಇಪ್ಪತ್ತು ನಿಮಿಷ, ಅದರ ಹಿಂದೆ ಮುಂದೆ ಹತ್ತು ಹತ್ತು ನಿಮಿಷ ನಿಧಾನ ಓಟ. ಎರಡು ದಿನ ಬಿಟ್ಟು ಗುಡ್ಡದ ಏರಿನಲ್ಲಿ ಒಂದೊಂದು ನಿಮಿಷದ ಆರೆಂಟು ಓಟಗಳನ್ನು ಮಾಡಿ, ಇಳಿಯುವಾಗ ನಡೆದುಕೊಂಡೇ ಇಳಿಯಿರಿ. ಹೈದರಾಬಾದಿನ ದಾರಿಯಲ್ಲಿ ಮೇಲ್ಸೇತುವೆಗಳ ಏರಿಳಿತ ಸಾಕಷ್ಟಿರುವುದರಿಂದ ಬಳ್ಳಾರಿಯ ಗುಡ್ಡ ನಿಮ್ಮ ಪಾಲಿಗೆ ದೊಡ್ಡ ಅನುಕೂಲ.

ಮೊದಲ ಪಾಳಿಯ ವಾರದಲ್ಲಿ ಬೆಳಿಗ್ಗೆ ಓಡುವ ಯೋಚನೆಯೇ ಬೇಡ. ಐದರ ಬಸ್ಸಿಗಾಗಿ ಮೂರಕ್ಕೆದ್ದು ಓಡಿದರೆ ನಿದ್ದೆಯಲ್ಲಿ ಕಳೆದುಕೊಳ್ಳುವುದು ಓಟದಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು. ಮಧ್ಯಾಹ್ನ ಬಂದು ಊಟ ಮಾಡಿ ಸ್ವಲ್ಪ ಮಲಗಿ, ಸಂಜೆ ಆರೂಮುಕ್ಕಾಲಿನ ನಂತರ ನಲವತ್ತೈದು ನಿಮಿಷ ಸುಲಭವಾಗಿ ಓಡಿ. ಸುಲಭ ಎಂದರೆ ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡುತ್ತ ಓಡುವಷ್ಟು ಸುಲಭ. ನಿಮಗೆ ಅದು ಕಿಲೋಮೀಟರಿಗೆ ಏಳೂವರೆಯಿಂದ ಎಂಟು ನಿಮಿಷ ಆಗಬಹುದು. ಅಷ್ಟು ನಿಧಾನವೇ ಎಂದು ಹಿಂಜರಿಯಬೇಡಿ. ದೂರದ ಓಟಕ್ಕೆ ಬೇಕಾದ ಹೃದಯ ಮತ್ತು ಸ್ನಾಯುಗಳ ಬಲ ಬಹುಪಾಲು ಬೆಳೆಯುವುದು ಈ ವೇಗದಲ್ಲೇ.

ರಾತ್ರಿ ಪಾಳಿಯ ವಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು. ವೇಗದ ಓಟ ಬೇಡವೇ ಬೇಡ. ಹಗಲಿನ ನಿದ್ದೆ ಎಷ್ಟೇ ಪ್ರಯತ್ನಪಟ್ಟರೂ ತುಂಡಾಗುತ್ತದೆ, ನಿದ್ದೆಗೆಟ್ಟ ದೇಹಕ್ಕೆ ಅದೇ ವೇಗ ಹೆಚ್ಚು ಕಷ್ಟವೆನಿಸುತ್ತದೆ, ಪೆಟ್ಟಾಗುವ ಸಂಭವವೂ ಹೆಚ್ಚುತ್ತದೆ. ಆ ವಾರ ಮೂರು ಸಲ, ಅರ್ಧ ಗಂಟೆಯಂತೆ, ಸಂಜೆ ಮಾತ್ರ ಓಡಿದರೆ ಸಾಕು. ಪಾಳಿ ಮುಗಿಯುವ ಮೊದಲಿನ ನಾಲ್ಕೈದು ಗಂಟೆ ಚಹಾ ಕುಡಿಯುವುದನ್ನು ನಿಲ್ಲಿಸಿ ನೋಡಿ. ಚಹಾದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ ನಸುಕಿನ ನಾಲ್ಕರ ಚಹಾ ನಿಮ್ಮನ್ನು ಬೆಳಗಿನ ಒಂಬತ್ತಕ್ಕೂ ಎಚ್ಚರವಾಗಿಡುತ್ತದೆ.

ಉದ್ದದ ಓಟಕ್ಕೆ ಪಾಳಿ ಬದಲಾಗುವ ರಜೆಯ ದಿನವೇ ಸರಿ, ಆದರೆ ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆಯೇ ಹೊರಡಬಾರದು. ಅಂದು ಮಲಗಿ, ಆ ರಾತ್ರಿಯೂ ಮಲಗಿ, ಮರುದಿನ ಬಿಡುವಿದ್ದರೆ ಮಾತ್ರ ಓಡಿ. ಇಲ್ಲವಾದರೆ ಆ ಸಲದ ಉದ್ದದ ಓಟವನ್ನು ಬಿಟ್ಟುಬಿಡಿ. ಹೀಗೆ ಒಂದು ಸುತ್ತಿನಲ್ಲಿ ಎರಡು ಉದ್ದದ ಓಟಗಳು ಗ್ಯಾರಂಟಿ. ಮೊದಲ ಸುತ್ತಿನಲ್ಲಿ ಹತ್ತು ಕಿಲೋಮೀಟರ್ ಇಟ್ಟುಕೊಂಡು ಪ್ರತಿ ಸುತ್ತಿಗೂ ಎರಡೆರಡು ಹೆಚ್ಚಿಸಿದರೆ ಐದನೇ ಸುತ್ತಿಗೆ ಹದಿನೆಂಟು ತಲುಪುತ್ತೀರಿ. ಆರನೆಯದು ಓಟದ ದೂರವನ್ನು ಇಳಿಸುವ ಸುತ್ತು. ಹದಿನೆಂಟು ಓಡಿದವರು ಇಪ್ಪತ್ತೊಂದನ್ನು ಪೂರೈಸುತ್ತಾರೆ.

ಕೆಲಸದಲ್ಲಿರುವವರಿಗೆ ಇಷ್ಟು ಕಡಿಮೆ ಅಭ್ಯಾಸ ಸಾಲದೇನೋ ಎಂಬ ಅಳುಕಿದ್ದರೆ ಜಪಾನಿನ ಯೂಕಿ ಕವಾಉಚಿ ಅವರನ್ನು ನೆನೆಯಿರಿ. ಅವರು ಸೈತಾಮಾ ಪ್ರಾಂತ್ಯದ ಸರ್ಕಾರಿ ನೌಕರರಾಗಿ ಶಾಲೆಯೊಂದರಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಲೇ 2018ರ ಬಾಸ್ಟನ್ ಮ್ಯಾರಥಾನನ್ನು ಕೊರೆಯುವ ಮಳೆಯಲ್ಲಿ 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಗೆದ್ದರು. ವೃತ್ತಿಪರ ಓಟಗಾರರು ದಿನಕ್ಕೆ ಎರಡು ಬಾರಿ ಓಡುವಾಗ ಅವರು ಕೆಲಸದ ಕಾರಣದಿಂದ ಹೆಚ್ಚಾಗಿ ಒಂದೇ ಬಾರಿ ಓಡುತ್ತಿದ್ದರು. ವಾರಕ್ಕೆ ಎರಡು ಕಠಿಣ ಓಟ, ಉಳಿದದ್ದೆಲ್ಲ ನಿಧಾನ ಎಂಬುದು ಅವರ ಕ್ರಮವಾಗಿತ್ತು. ಅವರ ಒಟ್ಟು ದೂರ ನಮ್ಮ ಕೈಗೆಟುಕುವಂಥದ್ದಲ್ಲ, ಆ ಹಂಚಿಕೆಯನ್ನಂತೂ ನಾವು ಅನುಸರಿಸಬಹುದು.

ಎಡದಂಡೆ (ಗಂಗಾವತಿ) ಅವರ ಉತ್ತರ:

ನಾನು ಪ್ರೌಢಶಾಲಾ ಶಿಕ್ಷಕಿ. ತುಂಗಭದ್ರಾ ಎಡದಂಡೆ ಕಾಲುವೆಯ ಮಣ್ಣಿನ ದಾರಿಯಲ್ಲಿ ಗೆಳತಿಯರೊಂದಿಗೆ ಓಡುತ್ತೇನೆ. ಕೃಷ್ಣಾತೀರ ಸರ್ ಹೇಳಿದ ಇಪ್ಪತ್ತೊಂದು ದಿನದ ಸುತ್ತು ಪಾಳಿಯವರಿಗೆ ಯೋಗ್ಯವಾದದ್ದೇ. ಆದರೆ ಎರಡು ವಿಷಯಗಳಲ್ಲಿ ನನಗೆ ಭಿನ್ನಾಭಿಪ್ರಾಯವಿದೆ.

ಒಂದು ಉದ್ದದ ಓಟವನ್ನು ಪೂರ್ತಿ ಬಿಟ್ಟರೆ ಎರಡು ಓಟಗಳ ನಡುವೆ ಎರಡು ವಾರದ ಅಂತರ ಬೀಳುತ್ತದೆ. ಹೊಸಬರ ಕಾಲು ಮತ್ತು ಪಾದಗಳಿಗೆ ಆ ಅಂತರ ಒಳ್ಳೆಯದಲ್ಲ, ಏಕೆಂದರೆ ಉಸಿರಾಟದ ಶಕ್ತಿಗಿಂತ ಸ್ನಾಯುರಜ್ಜು ಮತ್ತು ಎಲುಬುಗಳು ಹೊಂದಿಕೊಳ್ಳಲು ಹೆಚ್ಚು ಕಾಲ ಬೇಕು. ಆದ್ದರಿಂದ ಬಿಟ್ಟುಹೋದ ಓಟದ ಬದಲಿಗೆ ಮೊದಲ ಪಾಳಿಯ ವಾರದ ನಡುವೆ ಒಂದು ಸಂಜೆ ಎಪ್ಪತ್ತೈದು ನಿಮಿಷದ ಮಧ್ಯಮ ಓಟವನ್ನು ಸೇರಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಎರಡನೆಯದಾಗಿ, ಒಂದೇ ವಾರದಲ್ಲಿ ಟೆಂಪೋ, ಏರು ಮತ್ತು ಅದರ ಬೆನ್ನಿಗೇ ಉದ್ದದ ಓಟವನ್ನು ಇಟ್ಟರೆ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಮೊದಲೆರಡು ಸುತ್ತುಗಳಲ್ಲಿ ಬರೀ ಏರಿನ ಓಟ ಸಾಕು, ಟೆಂಪೋವನ್ನು ಜೂನ್‌ನಲ್ಲಿ ಮಳೆ ಬಿದ್ದು ಹವೆ ತಣಿದ ಮೇಲೆ ಆರಂಭಿಸಬಹುದು.

ಬಿಸಿಲಿನ ಬಗ್ಗೆ ಸರ್ ಹೆಚ್ಚು ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಸೂರ್ಯ ಮುಳುಗಿದ ಮೇಲೂ ಡಾಂಬರು ರಸ್ತೆ ಮತ್ತು ಬಂಡೆಗುಡ್ಡಗಳು ಕಾದೇ ಇರುತ್ತವೆ. ಸೆಖೆಯಲ್ಲಿ ರಕ್ತದ ಒಂದು ಪಾಲು ಚರ್ಮವನ್ನು ತಂಪುಮಾಡಲು ಹೋಗುವುದರಿಂದ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಹಾಗಾಗಿ ಈ ಎರಡು ತಿಂಗಳು ಗಡಿಯಾರದ ವೇಗವನ್ನು ನೋಡದೆ ಉಸಿರನ್ನು ಗಮನಿಸಿ ಓಡಿ. ದಿನವೂ ಸ್ವಲ್ಪ ಸ್ವಲ್ಪ ಓಡಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ದೇಹ ಸೆಖೆಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ: ಬೆವರು ಬೇಗ ಬರತೊಡಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ. ತಲೆ ಸುತ್ತಿದರೆ, ಬೆವರುತ್ತಿದ್ದಾಗಲೇ ಚಳಿಯೆನಿಸಿದರೆ, ಮಾತು ತೊದಲಿದರೆ ಆ ಕ್ಷಣವೇ ನಿಂತು ನೆರಳು ಸೇರಿ ಮೈಮೇಲೆ ನೀರು ಸುರಿದುಕೊಳ್ಳಬೇಕು. ಜೊತೆಗಿರುವವರು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಷ್ಟು ನೀರು ಬೇಕೆಂದು ತಿಳಿಯಲು ಓಟದ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಎಂದರ್ಥ. ಒಂದು ಗಂಟೆ ಮೀರಿದ ಓಟಕ್ಕೆ ಬರೀ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓ.ಆರ್.ಎಸ್. ಒಳ್ಳೆಯದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಬೇಕು. ಲೋಟಕ್ಕೆ ಅರ್ಧ ಪೊಟ್ಟಣ ಸುರಿದು ಕುಡಿಯುವುದು ತಪ್ಪು ಪದ್ಧತಿ. ನೀವು ಕಾರ್ಖಾನೆಯ ಸೆಖೆಯಲ್ಲಿಯೂ ಬೆವರುವವರಾದರೆ ಪಾಳಿಯ ಎಂಟು ಗಂಟೆಯ ನೀರನ್ನೂ ಓಟದ ತಯಾರಿಯ ಭಾಗವೆಂದೇ ಎಣಿಸಬೇಕು. ಉದ್ದದ ಓಟದ ಮೊದಲು ಜೋಳದ ರೊಟ್ಟಿ ಬೇಡ, ನಾರಿನಂಶದಿಂದ ಹೊಟ್ಟೆ ಭಾರವಾಗುತ್ತದೆ. ಬಾಳೆಹಣ್ಣು, ಖರ್ಜೂರ ಸಾಕು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಓಡಿ ಬಂದ ಮೇಲಿನ ಊಟಕ್ಕಿರಲಿ.

ಮನೆಯ ವಿಷಯವನ್ನೂ ಹೇಳಬೇಕು. ಇಪ್ಪತ್ತೊಂದು ದಿನದ ಓಟಗಳನ್ನು ಮೊದಲೇ ಬರೆದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರೊಡನೆ ಕುಳಿತು ಒಪ್ಪಿಸಿಕೊಳ್ಳಿ. ನೀವು ಓಡುವ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೂ ಅವರದೇ ಆದ ಒಂದು ಗಂಟೆ ವಾರದಲ್ಲಿ ಸಿಗಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಓಡಲಾಗದೆ ಇರುವುದಕ್ಕೆ ಕಾಲಿನ ಶಕ್ತಿಗಿಂತ ಈ ಒಂದು ಗಂಟೆ ಸಿಗದಿರುವುದೇ ಕಾರಣ ಎಂಬುದನ್ನು ನಾನು ಬಹಳ ಕಂಡಿದ್ದೇನೆ.

ಗಿಣಿಗೇರಾ ದಾರಿ (ಕೊಪ್ಪಳ) ಅವರ ಉತ್ತರ:

ನಾನು ಫಿಸಿಯೋಥೆರಪಿ ಕ್ಷೇತ್ರದವನಾದ್ದರಿಂದ ಅದಕ್ಕೆ ಸಂಬಂಧಿಸಿದ್ದಷ್ಟನ್ನೇ ಹೇಳುತ್ತೇನೆ. ಪಾಳಿಯಲ್ಲಿ ಎಂಟು ಗಂಟೆ ಗಟ್ಟಿ ನೆಲದ ಮೇಲೆ ಸುರಕ್ಷತಾ ಬೂಟು ತೊಟ್ಟು ನಿಲ್ಲುವವರ ಮೀನಖಂಡ ಮೊದಲೇ ಬಿಗಿದಿರುತ್ತದೆ. ವಾರಕ್ಕೆ ಎರಡು ಬಾರಿ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು ಹದಿನೈದರಂತೆ ಮೂರು ಸರದಿ ಮಾಡಿ, ಜೊತೆಗೆ ಬೈಠಕ್ ಹೊಡೆಯಿರಿ. ಇಪ್ಪತ್ತು ನಿಮಿಷ ಸಾಕು, ರಾತ್ರಿ ಪಾಳಿಯ ವಾರದಲ್ಲಿಯೂ ಮಾಡಬಹುದು. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟಾಗ ನೋವಾದರೆ ಅದನ್ನು ಸ್ನಾಯುನೋವೆಂದು ತಿಳಿದು ಓಡುತ್ತ ಹೋಗಬಾರದು, ವೈದ್ಯರಿಗೆ ತೋರಿಸಬೇಕು. ಓಟದ ಬೂಟು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಹೊಸದನ್ನು ಕೊಳ್ಳುವುದಿದ್ದರೆ ಜುಲೈನಲ್ಲಿಯೇ ಕೊಂಡು ಅದರಲ್ಲಿ ಉದ್ದದ ಓಟ ಓಡಿ ಪಳಗಿಸಿಕೊಳ್ಳಿ.

ಕೋಟೆಗುಡ್ಡ (ಬಳ್ಳಾರಿ) ಅವರ ಮರುಪ್ರಶ್ನೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ ಹೇಳಿದಂತೆ ಟೆಂಪೋವನ್ನು ಜೂನ್‌ವರೆಗೆ ಮುಂದೂಡುತ್ತೇನೆ. ಮನೆಯವರೊಡನೆ ಕುಳಿತು ಕ್ಯಾಲೆಂಡರ್ ಗುರುತು ಮಾಡಿದ್ದೂ ಆಯಿತು. ಮನೆಯವರು ಬೆಳಗಿನ ನಡಿಗೆಗೆ ತಮ್ಮ ಗಂಟೆಯನ್ನು ಕೇಳಿ ಬರೆಸಿಕೊಂಡಿದ್ದಾರೆ. ಒಂದು ಸಂದೇಹ ಉಳಿದಿದೆ. ವರ್ಷಕ್ಕೊಮ್ಮೆ ಯಂತ್ರಗಳ ದುರಸ್ತಿಗಾಗಿ ಶಟ್‌ಡೌನ್ ಬರುತ್ತದೆ. ಆಗ ಹತ್ತು ದಿನದವರೆಗೆ ಹನ್ನೆರಡು ಗಂಟೆಯ ಕೆಲಸವಿರುತ್ತದೆ. ಈ ಸಲ ಅದು ಜುಲೈನಲ್ಲಿ ಬರುವ ಸೂಚನೆಯಿದೆ, ಅಂದರೆ ಉದ್ದದ ಓಟಗಳು ಏರುತ್ತಿರುವ ಹೊತ್ತಿನಲ್ಲಿಯೇ. ಆ ಹತ್ತು ದಿನಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆಯೇ?

ಕೃಷ್ಣಾತೀರ (ರಾಯಚೂರು) ಅವರ ಉತ್ತರ:

ಹೋಗುವುದಿಲ್ಲ ಸರ್. ತಿಂಗಳುಗಟ್ಟಲೆ ಕಟ್ಟಿದ ದಮ್ಮು ಹತ್ತು ದಿನದಲ್ಲಿ ಕರಗುವುದು ಅತ್ಯಲ್ಪ. ಗಮನಕ್ಕೆ ಬರುವಷ್ಟು ಇಳಿಕೆ ಕಾಣಿಸುವುದು ಸಾಮಾನ್ಯವಾಗಿ ಎರಡು ವಾರ ಪೂರ್ತಿ ನಿಲ್ಲಿಸಿದ ಮೇಲೆ. ಶಟ್‌ಡೌನ್ ದಿನಗಳಲ್ಲಿ ನಿದ್ದೆಗೇ ಮೊದಲ ಸ್ಥಾನ ಕೊಡಿ. ಮೂರು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ನಿಧಾನವಾಗಿ ಓಡಿ, ಕೊನೆಗೆ ನಾಲ್ಕಾರು ಬಾರಿ ನೂರು ಮೀಟರ್ ಚುರುಕಾಗಿ ಹೆಜ್ಜೆ ಹಾಕಿದರೆ ಕಾಲು ಮರೆಯುವುದಿಲ್ಲ. ಅದಕ್ಕೂ ಬಿಡುವಾಗದಿದ್ದರೆ ಚಿಂತೆಯಿಲ್ಲ.

ಅಪಾಯವಿರುವುದು ಶಟ್‌ಡೌನ್ ಮುಗಿದ ಮೇಲಿನ ವಾರದಲ್ಲಿ. ಬಿಟ್ಟುಹೋದ ಓಟಗಳನ್ನು ತುಂಬಿಕೊಳ್ಳುವ ಆತುರದಲ್ಲಿ ಒಂದೇ ವಾರಕ್ಕೆ ಎರಡು ವಾರದ ದೂರವನ್ನು ಓಡಿ ಹಿಮ್ಮಡಿಯ ನರ ನೋಯಿಸಿಕೊಂಡವರನ್ನು ನಮ್ಮ ಕಾಲೋನಿಯಲ್ಲಿಯೇ ಕಂಡಿದ್ದೇನೆ. ಬಿಟ್ಟದ್ದು ಬಿಟ್ಟಂತೆಯೇ ಇರಲಿ. ಮೊದಲ ಮೂರು ಓಟಗಳು ಅರ್ಧ ಹೊತ್ತಿನವು, ಎಲ್ಲವೂ ಸುಲಭದವು. ಅನಂತರದ ಉದ್ದದ ಓಟ ಶಟ್‌ಡೌನ್‌ಗೆ ಮೊದಲು ಓಡಿದ್ದಕ್ಕಿಂತ ಎರಡು ಕಿಲೋಮೀಟರ್ ಕಡಿಮೆ ಇರಲಿ. ಹೀಗೆ ಮಾಡಿದರೆ ಹದಿನೆಂಟು ತಲುಪದೆ ಹದಿನಾರಕ್ಕೇ ನಿಲ್ಲಬೇಕಾಗಬಹುದು. ಆಗ ಹೈದರಾಬಾದಿನಲ್ಲಿ ಮೊದಲ ಹತ್ತು ಕಿಲೋಮೀಟರನ್ನು ಏಳೂಕಾಲು ನಿಮಿಷದ ವೇಗಕ್ಕಿಂತ ಚುರುಕಾಗಿ ಓಡಬೇಡಿ, ಮೇಲ್ಸೇತುವೆಗಳ ಏರಿನಲ್ಲಿ ನಡೆಯಲು ಹಿಂಜರಿಯಬೇಡಿ. ಶಟ್‌ಡೌನ್ ದಿನಾಂಕ ಖಚಿತವಾದ ಮೇಲೆ ಇಲ್ಲಿ ಬರೆಯಿರಿ; ಕೊನೆಯ ಎರಡು ಸುತ್ತುಗಳನ್ನು ಅದಕ್ಕೆ ತಕ್ಕಂತೆ ಕೂಡಿ ಹೊಂದಿಸೋಣ.