ಉಗಿ ಉತ್ಸವ ಹತ್ತಿರ ಬಂತು, ಎಡಗಡೆಯ ಇಂಜೆಕ್ಟರ್ ನೀರು ಹಿಡಿಯುತ್ತಿಲ್ಲ

ಶೆಡ್‌ವಾಸಿ (ಬುಧವಾರ, ಬೆಳಗ್ಗೆ)
ದಕ್ಷಿಣ ಇಂಗ್ಲೆಂಡಿನ ಒಂದು ಪಾರಂಪರಿಕ ರೈಲುಮಾರ್ಗದಲ್ಲಿ ನಾನು ಸ್ವಯಂಸೇವಕಿ. ಶನಿವಾರ, ಭಾನುವಾರ ಉಗಿ ಉತ್ಸವ. ಅತಿಥಿ ಎಂಜಿನ್‌ಗಳು ಲಾರಿಗಳಲ್ಲಿ ಬಂದಿಳಿದಿವೆ. ನಮ್ಮದೇ ಸೈಡ್ ಟ್ಯಾಂಕ್ ಎಂಜಿನ್ ಮಾತ್ರ ಕೈಕೊಡುತ್ತಿದೆ. ಉಗಿಯ ಬಲದಿಂದ ಬಾಯ್ಲರಿಗೆ ನೀರು ನುಗ್ಗಿಸುವ ಎಡಗಡೆಯ ಇಂಜೆಕ್ಟರಿಗೆ ಉಗಿ ಬಿಟ್ಟರೆ ನೀರೆಲ್ಲ ಓವರ್‌ಫ್ಲೋ ಕೊಳವೆಯಿಂದ ಹಳಿಯ ಮೇಲೆ ಸುರಿಯುತ್ತದೆ, ಬಾಯ್ಲರಿಗೆ ಒಂದು ಹನಿಯೂ ಹೋಗುವುದಿಲ್ಲ. ಅದರೊಳಗಿನ ಕೋನ್‌ಗಳನ್ನು (ಶಂಕುವಿನಾಕಾರದ ನಳಿಕೆಗಳನ್ನು) ಬಿಚ್ಚಿ ತೊಳೆದೆವು, ಟ್ಯಾಂಕಿನ ಜರಡಿಯನ್ನೂ ನೋಡಿದೆವು. ಇನ್ನೇನು ಉಳಿಯಿತು? ಬಲಗಡೆಯದರಲ್ಲೇ ಓಡಿಸಿ ಎಂದು ಯಾರೂ ಬರೆಯಬೇಡಿ. ನೀರು ಕೊಡುವ ಎರಡೂ ದಾರಿ ಸರಿಯಿಲ್ಲದಿದ್ದರೆ ಎಂಜಿನ್ ಶೆಡ್ ಬಿಡುವಂತಿಲ್ಲ.

ಐದಿಂಚು ಗೇಜ್
ಆ ಕಡೆ ಸುಣ್ಣದ ನೆಲ, ಗಡಸು ನೀರು. ಕೋನ್ ಒಳಗೆ ಸುಣ್ಣ ಕಟ್ಟಿದೆ, ಅನುಮಾನವೇ ಬೇಡ. ಬರೀ ತೊಳೆದರೆ ಹೋಗದು. ಸಿಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಹಾಕಿ.

ಶೆಡ್‌ವಾಸಿ
ತೊಳೆದದ್ದೇ ಆಮ್ಲದಲ್ಲಿ. ಕೋನ್‌ಗಳು ಹೊಳೆಯುತ್ತಿವೆ.

ಐದಿಂಚು ಗೇಜ್
ಹೊಳೆದರೆ ಸಾಲದು, ರಂಧ್ರದ ಅಳತೆ ನೋಡಬೇಕು. ನನ್ನ ಮಾದರಿ ಎಂಜಿನ್ನಿನಲ್ಲಿ ಕೂದಲೆಳೆಯಷ್ಟು ಸುಣ್ಣಕ್ಕೇ ಇಂಜೆಕ್ಟರ್ ನಿಂತುಹೋಗುತ್ತದೆ. ಅದರ ಬಾಯ್ಲರ್ ತಾಮ್ರದ್ದು, ಬೆಸುಗೆಯೆಲ್ಲ ನನ್ನದೇ ಕೈಕೆಲಸ. ಇನ್ನೊಂದು ರಾತ್ರಿ ನೆನೆಹಾಕಿ.

ನಿವೃತ್ತ ಫಿಟರ್
ಆಮ್ಲದಲ್ಲಿ ರಾತ್ರಿಗಟ್ಟಲೆ ಬಿಡಬಾರದು. ಹಿತ್ತಾಳೆಯಾದರೆ ಸತು ಕರಗಿ ಮೈ ಕೆಂಪಗಾಗುತ್ತದೆ, ಲೋಹ ಟೊಳ್ಳಾಗುತ್ತದೆ.

ಐದಿಂಚು ಗೇಜ್
ಇಂಜೆಕ್ಟರ್ ಮಾಡುವುದು ಕಂಚಿನಲ್ಲಿ ಸರ್, ಹಿತ್ತಾಳೆಯಲ್ಲಲ್ಲ.

ನಿವೃತ್ತ ಫಿಟರ್
ಕಂಚೇ ಇರಲಿ. ಹಳೆಯ ಎಂಜಿನ್ನಿಗೆ ಯಾವ ಕಾಲದಲ್ಲಿ ಯಾರು ಯಾವ ಲೋಹದ ಕೋನ್ ಹಾಕಿದರೋ, ನೀವು ನೋಡಿದ್ದೀರಾ?

ಮಲೆನಾಡ ಹಳಿ
ನನಗೆ ಕಲ್ಲಿದ್ದಲಿನ ಮೇಲೆ ಸಂದೇಹ. ವೇಲ್ಸಿನ ಫೋಸ್-ಇ-ವ್ರಾನ್ ಗಣಿ 2023ರ ನವೆಂಬರಿನಲ್ಲಿ ಮುಚ್ಚಿತು. ಹೊರದೇಶದ ಕಲ್ಲಿದ್ದಲಿನಲ್ಲಿ ಒತ್ತಡ ನಿಲ್ಲುತ್ತಿಲ್ಲವೇನೋ. ನಮ್ಮ ಊಟಿ ರೈಲಿನ ಎಕ್ಸ್ ವರ್ಗದ ಎಂಜಿನ್‌ಗಳನ್ನು ನೋಡಿ, 12.5ಕ್ಕೆ 1ರ ಏರಿನಲ್ಲಿ ಹಲ್ಲುಹಳಿ ಕಚ್ಚಿ ಇಡೀ ಗಾಡಿಯನ್ನು ಹಿಂದಿನಿಂದ ತಳ್ಳುತ್ತವೆ!

ಐದಿಂಚು ಗೇಜ್
ಅವುಗಳಲ್ಲಿ ಹಲವು ಈಗ ಎಣ್ಣೆಯಲ್ಲಿ ಓಡುತ್ತವೆ. ಹೋಲಿಕೆಯೇ ತಪ್ಪು.

ಶೆಡ್‌ವಾಸಿ
ದಯವಿಟ್ಟು ಊಟಿ ಬೇಡ. ಒತ್ತಡ 160 ಪೌಂಡಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಬೆಂಕಿ, ಅದೇ ಉಗಿಯಲ್ಲಿ ಬಲಗಡೆಯ ಇಂಜೆಕ್ಟರ್ ಮೊದಲ ಸಲಕ್ಕೇ ಹಿಡಿಯುತ್ತದೆ. ಎಡಗಡೆಯದೂ ತಣ್ಣೀರು ಸುರಿದರೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ.

ನಿವೃತ್ತ ಫಿಟರ್
ತಣ್ಣೀರು ಎಲ್ಲಿಗೆ ಸುರಿದರೆ?

ಶೆಡ್‌ವಾಸಿ
ಇಂಜೆಕ್ಟರಿನ ಮೈಮೇಲೆ, ಬಕೆಟ್ಟಿನಿಂದ. ನಮ್ಮ ಶೆಡ್ಡಿನಲ್ಲಿ ಎಲ್ಲರೂ ಮಾಡುವುದೇ ಅದು.

ನಿವೃತ್ತ ಫಿಟರ್
ಇದನ್ನು ಮೊದಲೇ ಹೇಳಬೇಕಿತ್ತಮ್ಮ, ಎಲ್ಲವೂ ಇದರಲ್ಲೇ ಇದೆ. 1858ರಲ್ಲಿ ಜಿಫಾರ್ ಕಂಡುಹಿಡಿದಾಗಿನಿಂದ ಇಂಜೆಕ್ಟರ್ ನಡೆಯುವುದು ಒಂದೇ ತತ್ತ್ವದ ಮೇಲೆ. ತಣ್ಣೀರು ತಾಗಿದ ಉಗಿ ಕೋನಿನೊಳಗೇ ನೀರಾಗಬೇಕು. ಆಗ ಮಾತ್ರ ಬಾಯ್ಲರಿನ ಒತ್ತಡವನ್ನು ಮೀರಿ ಒಳನುಗ್ಗುವಷ್ಟು ವೇಗ ಆ ಧಾರೆಗೆ ಬರುತ್ತದೆ. ಮೈ ಕಾದಿದ್ದರೆ ಉಗಿ ಉಗಿಯಾಗಿಯೇ ಉಳಿಯುತ್ತದೆ, ನೀರು ಹೊರಗೆ ಚೆಲ್ಲುತ್ತದೆ. ಅದು ಕಾಯುತ್ತಿರುವುದು ಎಲ್ಲಿಂದ ಎಂಬುದನ್ನು ಈಗ ಹುಡುಕಿ. ಉಗಿಯನ್ನೂ ನೀರನ್ನೂ ಪೂರ್ತಿ ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಓವರ್‌ಫ್ಲೋ ತುದಿಯಲ್ಲಿ ಉಗಿಯ ಎಳೆ ಕಂಡರೆ ಉಗಿ ವಾಲ್ವ್ ಸೋರುತ್ತಿದೆ. ಬಿಸಿನೀರು ತೊಟ್ಟಿಕ್ಕಿದರೆ ಬಾಯ್ಲರ್ ಬಾಯಿಯ ಕ್ಲಾಕ್ ವಾಲ್ವ್, ಅಂದರೆ ನೀರನ್ನು ಒಳಕ್ಕೆ ಮಾತ್ರ ಬಿಡುವ ಕವಾಟ, ಸರಿಯಾಗಿ ಕೂರುತ್ತಿಲ್ಲ. ಕೊಳವೆಗಳನ್ನು ಮುಟ್ಟಿ ನೋಡುವಾಗ ದಪ್ಪ ಕೈಗವಸು ಇರಲಿ. ಹುಬ್ಬಳ್ಳಿಯಲ್ಲಿ ವೈಪಿ, ವೈಜಿ ಎಂಜಿನ್‌ಗಳಿಗೆ ನಾವು ಮೊದಲು ನೋಡುತ್ತಿದ್ದದ್ದೇ ಇದನ್ನು.

ಐದಿಂಚು ಗೇಜ್
ಕ್ಲಾಕ್ ಕೂರದಿರುವುದಕ್ಕೂ ಸುಣ್ಣವೇ ಕಾರಣ ಇರಬಹುದಲ್ಲ?

ಶೆಡ್‌ವಾಸಿ (ಬುಧವಾರ, ಸಂಜೆ)
ಬಿಸಿನೀರೇ. ಎರಡನ್ನೂ ಮುಚ್ಚಿದ ಮೇಲೂ ಓವರ್‌ಫ್ಲೋ ತುಟಿಯಲ್ಲಿ ಹನಿ ಕೂಡುತ್ತದೆ, ಉಬ್ಬುತ್ತದೆ, ಬೀಳುತ್ತದೆ. ಬಿದ್ದ ಸ್ಲೀಪರಿನ ಮೇಲೆ ಹಬೆಯಾಡುತ್ತದೆ. ಕ್ಲಾಕ್‌ನಿಂದ ಇಂಜೆಕ್ಟರಿನವರೆಗೆ ಕೊಳವೆ ಗವಸಿನ ಮೇಲೂ ಸುಡುತ್ತದೆ, ಉಗಿ ಕೊಳವೆ ಬರೀ ಬೆಚ್ಚಗಿದೆ. ಕ್ಲಾಕ್‌ಗೂ ಬಾಯ್ಲರಿಗೂ ನಡುವೆ ಮುಚ್ಚುವ ವಾಲ್ವ್ ಈ ಎಂಜಿನ್ನಿಗೆ ಇಲ್ಲ. ಬಿಚ್ಚಬೇಕಾದರೆ ಒತ್ತಡ ಪೂರ್ತಿ ಇಳಿಯಲೇಬೇಕು.

ನಿವೃತ್ತ ಫಿಟರ್
ಒತ್ತಡವಿರುವಾಗ ಆ ಮುಚ್ಚಳದ ನಟ್ಟಿಗೆ ಯಾರೂ ಸ್ಪ್ಯಾನರ್ ಹಚ್ಚದಂತೆ ಬೋರ್ಡ್ ತೂಗುಹಾಕಿ. ಆತುರಕ್ಕೆ ತಣ್ಣೀರು ತುಂಬಿಸಿ ಬಾಯ್ಲರ್ ತಣಿಸಬೇಡಿ. ಹಾಗೆ ಮಾಡಿದರೆ ಫೈರ್‌ಬಾಕ್ಸಿನ ಗೋಡೆಗಳನ್ನು ಬಿಗಿದಿಡುವ ಸ್ಟೇ ಸರಳುಗಳೂ ಕೊಳವೆಗಳ ತುದಿಗಳೂ ಸೋರಲು ಶುರುವಾಗುತ್ತವೆ, ಈ ಉತ್ಸವವಲ್ಲ, ಇಡೀ ವರ್ಷವೇ ಹೋಗುತ್ತದೆ. ಇಂದೇ ಬೆಂಕಿ ಇಳಿಸಿದರೆ ನಾಳೆ ಸಂಜೆಗೆ ಬಿಚ್ಚಬಹುದು. ಶುಕ್ರವಾರ ಸಣ್ಣ ಬೆಂಕಿಯಲ್ಲಿ ನಿಧಾನವಾಗಿ ಕಾಯಿಸಿ.

ಶೆಡ್‌ವಾಸಿ (ಗುರುವಾರ, ರಾತ್ರಿ)
ಬಿಚ್ಚಿದೆವು. ಕ್ಲಾಕ್ ಕೂರುವ ಅಂಚಿನಲ್ಲಿ ಒಂದು ಗೀರು ಇದೆ, ಉಗುರು ಆಡಿಸಿದರೆ ತಡೆಯುತ್ತದೆ. ಪಕ್ಕದಲ್ಲೇ ಬೂದುಬಣ್ಣದ ಸಣ್ಣ ಚಕ್ಕೆ ಸಿಕ್ಕಿತು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜುತ್ತಿದ್ದೇವೆ. ಎಷ್ಟು ಉಜ್ಜಿದರೆ ಸಾಕು?

ಐದಿಂಚು ಗೇಜ್
ಚಕ್ಕೆ! ಸುಣ್ಣವೇ ಎಂದು ಮೊದಲ ದಿನವೇ ಹೇಳಿದ್ದೆ.

ನಿವೃತ್ತ ಫಿಟರ್
ನೀವು ಹೇಳಿದ್ದು ಕೋನ್ ಒಳಗೆ. ಶೆಡ್‌ವಾಸಿಯವರೇ, ಸುತ್ತಲೂ ಎಲ್ಲೂ ಕಡಿಯದ ಸಣ್ಣ ಮಂಕು ಉಂಗುರ ಕಂಡರೆ ಸಾಕು. ಉಂಗುರ ಅಗಲವಾಗುವಂತೆ ಉಜ್ಜಬೇಡಿ, ಅಗಲ ಅಂಚಿನಲ್ಲಿ ಕಸ ಬೇಗ ಸಿಕ್ಕುತ್ತದೆ. ಗುರುತು ಮೂಡಿಸುವ ನೀಲಿ ಬಣ್ಣ ಹಚ್ಚಿ ಒತ್ತಿ, ಸುತ್ತಲೂ ತಾಗುತ್ತದೆಯೇ ನೋಡಿ. ಪೇಸ್ಟಿನ ಕಣ ಒಂದೂ ಉಳಿಯದಂತೆ ಒರೆಸಿ. ಬಲಗಡೆಯದನ್ನೂ ಈಗಲೇ ತೆಗೆದು ನೋಡಿಬಿಡಿ, ಬಾಯ್ಲರ್ ಹೇಗೂ ತಣ್ಣಗಿದೆ.

ಮಲೆನಾಡ ಹಳಿ
ಅತಿಥಿಯಾಗಿ ಯಾವ ಯಾವ ಎಂಜಿನ್ ಬಂದಿವೆ? ಚಿತ್ರ ಹಾಕುತ್ತೀರಾ?