ನವೆಂಬರಲ್ಲಿ ಪೋರ್ಚುಗಲ್: ಮನೆಮಟ್ಟಿಗೆ ವೈನ್ ಮಾಡೋರು ಎಲ್ಲಿ ಸಿಗ್ತಾರೆ?

ದೋಸೆಕಲ್ಲು:
ನವೆಂಬರ್ 8ರಿಂದ ಐದು ದಿನ ಲಿಸ್ಬನ್‌ನಲ್ಲಿರ್ತೀವಿ, ಆಫೀಸ್ ಕೆಲಸ ಎರಡೇ ದಿನ. ದೊಡ್ಡ ಎಸ್ಟೇಟಿನ ಟೇಸ್ಟಿಂಗ್ ರೂಮು ಬೇಡ, ಅದನ್ನ ನಾಸಿಕ್‌ನಲ್ಲೇ ನೋಡಿದ್ದಾಯ್ತು. ಮಾಡೋರ ಪಕ್ಕದಲ್ಲೇ ಕೂತು ಕುಡಿಯೋ ಊರು ಯಾವುದಾದ್ರೂ ಇದ್ಯಾ? ಹೆಂಡತಿ ಸಸ್ಯಾಹಾರಿ, ಮೊಟ್ಟೆ ಓಕೆ.

ಗುಡಾಣದ ಗಿರಾಕಿ:
ನಿಮ್ಮ ತಾರೀಖು ನೋಡಿ ಹೊಟ್ಟೆ ಉರೀತು! ನವೆಂಬರ್ 11 ಸಾಂವ್ ಮಾರ್ತಿನ್ಯು ಹಬ್ಬ, ಅಲೆಂತೆಜು ಸೀಮೆಯಲ್ಲಿ ವೈನಿನ ಗುಡಾಣ ತೆರೆಯೋ ದಿನ. ಸೀದಾ ವಿಲಾ ದ ಫ್ರಾದೆಶ್‌ಗೆ ಹೋಗಿ, ಲಿಸ್ಬನ್‌ನಿಂದ ಕಾರಲ್ಲಿ ಎರಡು ಗಂಟೆ ಚಿಲ್ಲರೆ. ನಾನು ಇಲ್ಲಿಗೆ ಬಂದು ಆರು ವರ್ಷ, ನಾಲ್ಕು ಸಲ ಹೋಗಿದ್ದೀನಿ.

ಗುಡಾಣಕ್ಕೆ ಅಲ್ಲಿ ತಾಲ್ಯ ಅಂತಾರೆ. ಮೊದಲ ಸಲ ನೋಡಿದಾಗ ಅಜ್ಜಿ ಮನೆಯ ರಾಗಿ ವಾಡೆ ನೆನಪಾಯ್ತು. ದೊಡ್ಡವು ಸಾವಿರ ಲೀಟರ್ ಮೀರುತ್ತವೆ, ಒಳಗೆ ಪೈನ್ ಮರದ ರಾಳ ಬಳಿದಿರ್ತಾರೆ. ರೋಮನ್ನರ ಕಾಲದ ಪದ್ಧತಿ. ದ್ರಾಕ್ಷಿ ಜಜ್ಜಿ ಸಿಪ್ಪೆ ಬೀಜ ಸಮೇತ ತುಂಬ್ತಾರೆ, ತಾನಾಗೇ ಉಕ್ಕೋಕೆ ಶುರುವಾಗುತ್ತೆ. ಸಿಪ್ಪೆ ಮೇಲೆ ತೇಲಿ ಗಟ್ಟಿ ಮುಚ್ಚಳದ ಥರ ಕೂರುತ್ತೆ. ಅದನ್ನ ದಿನಕ್ಕೆ ಎರಡು ಸಲವಾದ್ರೂ ಕೋಲಲ್ಲಿ ಒಳಕ್ಕೆ ಅದುಮಬೇಕು. ಮರೆತ್ರೆ ಗ್ಯಾಸ್ ಕಟ್ಟಿ ಗುಡಾಣವೇ ಒಡೆಯಬಹುದು. ಒಂದು ಸಲ ನಾನು ವಾಸನೆ ನೋಡೋಣ ಅಂತ ಬಾಯಿಗೇ ಬಗ್ಗಿದೆ. ಗೋಲಿ ಸೋಡಾ ಮೂಗಿನೊಳಗೇ ಒಡೆದ ಹಾಗಾಯ್ತು. ಮನೆ ಯಜಮಾನ ಕಾಲರ್ ಹಿಡಿದು ಎಳೆದ, ಬೈದ, ಆಮೇಲೆ ನಕ್ಕ.

ಹಬ್ಬದ ಹೊತ್ತಿಗೆ ಸಿಪ್ಪೆಯೆಲ್ಲ ತಳ ಸೇರಿರುತ್ತೆ. ತಳದ ಹತ್ತಿರ ಬಿರಡೆ ಹಾಕಿದ ತೂತು. ಅಲ್ಲಿಗೆ ಮರದ ನಲ್ಲಿ ಇಟ್ಟು ಸುತ್ತಿಗೆಯಲ್ಲಿ ಬಡೀತಾರೆ. ಮೊದಲ ಜಗ್ ವೈನ್ ಮಬ್ಬಾಗಿ ಬಂದ್ರೆ ಮತ್ತೆ ಮೇಲಿಂದ ಸುರಿಯೋದು. ಆಮೇಲೆ ಆ ಸಿಪ್ಪೆಯೇ ಸೋಸಿ ತಿಳಿ ವೈನ್ ಬಿಡುತ್ತೆ. ಸಿಪ್ಪೆ ರಾಶಿಗೆ ಅವರು ಇಟ್ಟಿರೋ ಹೆಸರು 'ತಾಯಿ'. ಬಿಳಿ ದ್ರಾಕ್ಷಿದಾದ್ರೂ ಬಣ್ಣ ಜೇನಿನ ಹಾಗೆ, ನಾಲಿಗೆಗೆ ಒಗರು.

ಊಟಕ್ಕೆ ಅಸೋರ್ದ ಕೇಳಿ: ಬೆಳ್ಳುಳ್ಳಿ, ಕೊತ್ತಂಬರಿ, ಉಪ್ಪು ಜಜ್ಜಿ, ಆಲಿವ್ ಎಣ್ಣೆ, ಕುದಿಯೋ ನೀರು, ಹಳೇ ಬ್ರೆಡ್, ಮೇಲೊಂದು ಮೊಟ್ಟೆ. ಆ ನೀರಲ್ಲಿ ಮೀನು ಬೇಯಿಸಿದಾರಾ ಅಂತ ಮಾತ್ರ ಮೊದಲೇ ಕೇಳ್ಕೊಳ್ಳಿ.

ಫಿಲ್ಟರ್ ಕಾಫಿ:
ವೈನಿಗೆ ಹೆಸರಾದ ಡೌರೋ ಕಣಿವೆ ಹೆಸರೇ ಎತ್ತಲಿಲ್ಲವಲ್ಲ ಮಾರಾಯ್ರೆ! ಕಲ್ಲಿನ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯೋದು ನೋಡೋದು ಬೇಡ್ವಾ? ಮತ್ತೆ ರಾಳ ಅಂದ್ರೆ ವೈನ್ ಟಾರು ರಸ್ತೆ ವಾಸನೆ ಹೊಡೆಯಲ್ವಾ?

ಗುಡಾಣದ ಗಿರಾಕಿ:
ತುಳಿಯೋದು ಕೊಯ್ಲಿನ ಸಮಯ, ಸೆಪ್ಟೆಂಬರ್ ಅಕ್ಟೋಬರಲ್ಲಿ. ಇವರು ಹೋಗೋ ಹೊತ್ತಿಗೆ ತೊಟ್ಟಿ ತೊಳೆದಿಟ್ಟಿರ್ತಾರೆ. ರಾಳ ಹೊಸದಾಗಿ ಬಳಿದಿದ್ರೆ ವಾಸನೆ ಇರುತ್ತೆ, ಸುಳ್ಳು ಹೇಳಲ್ಲ. ನನಗೆ ಅದೇ ರುಚಿ.

ಪಕ್ಕದ ವಿದಿಗೇಯ್ರ ಊರನ್ನೂ ನೋಡಿ. ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮನಿಗೆ 1519ರಲ್ಲಿ 'ಕೌಂಟ್' ಅನ್ನೋ ಜಹಗೀರುದಾರ ಪದವಿ ಸಿಕ್ಕಿದ್ದು ಇದೇ ಊರಿಂದು.

ದೋಸೆಕಲ್ಲು:
ಕಾರು ಬುಕ್ ಮಾಡಿದೆ. ಹೆಂಡತಿ ಕುಡಿಯಲ್ಲ, ಸ್ಟೀರಿಂಗ್ ಅವಳದ್ದೇ. ಕೊತ್ತಂಬರಿ ಅಂದ ಕೂಡಲೇ ಒಪ್ಪಿಬಿಟ್ಟಳು.