ಕ್ಲಾಷ್ ಆ ಪಟ್ಟಿಗೆ ಸೇರಲ್ಲ
ಗುಂಪು: ಬಸವನಗುಡಿ ಮನೆಯವರು

ರಘು ದೊಡ್ಡಪ್ಪ: (ಫಾರ್ವರ್ಡ್) ಗ್ರೀಕ್‌ನಲ್ಲಿ ‘ಕ್ಲಾನ್’ ಅಂದ್ರೆ ಮುರಿಯುವುದು. ಅದರಿಂದ ಬಂದ ಇಂಗ್ಲಿಷ್ ಪದಗಳು: ಐಕನೊಕ್ಲಾಸ್ಟ್, ಪೈರೊಕ್ಲಾಸ್ಟಿಕ್, ಆಸ್ಟಿಯೋಕ್ಲಾಸ್ಟ್, ಕ್ಲಾಷ್, ಕ್ಲಾಸ್.
ಅಭಿ, ನೀಟ್‌ಗೆ ಬೇಕಾಗುತ್ತೆ. ಬಾಯಿಪಾಠ ಮಾಡು.

ಚೈತ್ರಾ: ದೊಡ್ಡಪ್ಪ, ಮೊದಲ ಮೂರು ಸರಿ. ಐಕನೊಕ್ಲಾಸ್ಟ್ ಅಂದ್ರೆ ಮೂರ್ತಿ ಒಡೆಯುವವನು. ಕೊನೆಯ ಎರಡು ಸುಮ್ನೆ ಸೇರಿಸಿದ್ದಾರೆ. ಕ್ಲಾಸ್ ಲ್ಯಾಟಿನ್‌ನಿಂದ ಬಂದದ್ದು. ಕ್ಲಾಷ್ ಸದ್ದಿನಿಂದ ಹುಟ್ಟಿದ ಪದ, ನಮ್ಮ ದಬಾರ್ ಥರ.

ರಘು ದೊಡ್ಡಪ್ಪ: ಕ್ಲಾಷ್ ಆದ್ರೆ ಏನಾದ್ರೂ ಮುರಿಯುತ್ತೆ ತಾನೆ? ಸೈಟ್ ವಿಷಯಕ್ಕೆ ನಮ್ಮನೇಲಿ ಕ್ಲಾಷ್ ಆದಾಗ ಏನೇನು ಮುರೀತು ಗೊತ್ತಲ್ಲ.

ಸುಮಾ ಅತ್ತೆ: ಅಣ್ಣ, ಆ ಮಾತು ಇಲ್ಲಿ ತೆಗೀಬೇಡ.

ಅಭಿ: ಅಕ್ಕ, ನನಗೆ ಆಸ್ಟಿಯೋಕ್ಲಾಸ್ಟ್, ಆಸ್ಟಿಯೋಬ್ಲಾಸ್ಟ್ ಯಾವಾಗಲೂ ಅದಲುಬದಲು ಆಗುತ್ತವೆ. ಬ್ಲಾಸ್ಟ್ ಅಲ್ವಾ ಒಡೆಯೋದು?

ಚೈತ್ರಾ: ಬಾಂಬಿನ ಬ್ಲಾಸ್ಟ್ ಅಲ್ಲ ಕಣೋ. ಇದು ಗ್ರೀಕ್‌ನ ಬ್ಲಾಸ್ಟೋಸ್, ಅಂದ್ರೆ ಮೊಳಕೆ. ಮೂಳೆ ಕಟ್ಟುವ ಕೋಶ ಅದು. ಕ್ಲಾಸ್ಟ್ ಆಸಿಡ್ ಬಿಟ್ಟು ಮೂಳೆ ಕರಗಿಸುತ್ತೆ. ಅತ್ತೆ ವಾರಕ್ಕೊಂದು ಸಲ ಖಾಲಿ ಹೊಟ್ಟೇಲಿ ಮೂಳೆ ಸವೆತದ ಅಲೆಂಡ್ರೊನೇಟ್ ಮಾತ್ರೆ ನುಂಗಿ, ಅರ್ಧ ಗಂಟೆ ಮಲಗದೆ ಕೂತಿರುತ್ತಾರಲ್ಲ? ಅದು ತಡೆಯುವುದು ಈ ಕ್ಲಾಸ್ಟ್‌ಗಳನ್ನೇ.

ಸುಮಾ ಅತ್ತೆ: ಹೌದಾ! ಡಾಕ್ಟರು ಬರೀ ಮಲಗಬೇಡಿ ಅಂದಿದ್ದರು.

ಚೈತ್ರಾ: ಇನ್ನೊಂದು. ಸೇರಿಸಬೇಕಾದ ಪದವನ್ನೇ ಬಿಟ್ಟಿದ್ದಾರೆ. ಕ್ಲೋನ್.

ರಘು ದೊಡ್ಡಪ್ಪ: ಡಾಲಿ ಕುರಿಯಾ? ಅದರಲ್ಲಿ ಮುರಿದದ್ದೇನು?

ಚೈತ್ರಾ: ಆ ತದ್ರೂಪಿ ಕುರಿ ಡಾಲಿ ಹುಟ್ಟಿದ್ದು 1996ರಲ್ಲಿ. ಪದ ಅದಕ್ಕಿಂತ ಹಳೇದು. 1903ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬರ್ ಬಳಕೆಗೆ ತಂದದ್ದು. ಗ್ರೀಕ್‌ನಲ್ಲಿ ಕ್ಲೋನ್ ಅಂದ್ರೆ ರೆಂಬೆ, ಕಡ್ಡಿ. ಮುರಿಯುವ ಕ್ಲಾನ್‌ಗೆ ನೆಂಟ. ಅತ್ತೆ, ನಿಮ್ಮ ಕೆಂಪು ದಾಸವಾಳ ಎಲ್ಲಿಂದ ಬಂತು?

ಸುಮಾ ಅತ್ತೆ: ಅಮ್ಮನ ಗಿಡದ್ದು. ಕಡ್ಡಿ ಮುರ್ಕೊಂಡು ಬಂದೆ. ಕೆಳಗಿನ ಎಲೆ ಕಿತ್ತು, ತುದಿ ಓರೆಯಾಗಿ ಕೊಯ್ದು, ಒದ್ದೆ ಮಣ್ಣಲ್ಲಿ ಚುಚ್ಚಿದೆ. ಅಮ್ಮನ ಗಿಡದ ಹೂವೇ ಬಿಡುತ್ತೆ, ಒಂದಿಷ್ಟೂ ವ್ಯತ್ಯಾಸ ಇಲ್ಲ.

ಚೈತ್ರಾ: ಅದೇ ಕ್ಲೋನ್. ವೆಬರ್ ಆ ಹೆಸರು ಕೊಟ್ಟದ್ದೂ ಹೀಗೆ ಕಡ್ಡಿ, ಗೆಡ್ಡೆಯಿಂದ ಬೆಳೆಸಿದ ಗಿಡಗಳಿಗೇ.

ರಘು ದೊಡ್ಡಪ್ಪ: ಸರಿಯಮ್ಮ. ಲಾಲ್‌ಬಾಗ್ ಬಂಡೆ ಪೈರೊಕ್ಲಾಸ್ಟಿಕ್ ತಾನೆ?

ಚೈತ್ರಾ: ಅಯ್ಯೋ, ಅಲ್ಲ. ಜ್ವಾಲಾಮುಖಿ ಸಿಡಿದಾಗ ಚೂರಾಗಿ ಹಾರುವ ಕಲ್ಲು, ಬೂದಿ ಪೈರೊಕ್ಲಾಸ್ಟಿಕ್. ಕ್ರಿ.ಶ. 79ರಲ್ಲಿ ಇಟಲಿಯ ಪಾಂಪೆ ಊರನ್ನು ಮುಚ್ಚಿದ್ದು ಅದು. ಲಾಲ್‌ಬಾಗಿನದು ನೈಸ್ (gneiss) ಶಿಲೆ, ಅಂದ್ರೆ ನೆಲದಾಳದ ಶಾಖ, ಒತ್ತಡಕ್ಕೆ ರೂಪ ಬದಲಿಸಿದ ಕಲ್ಲು. ಬಂಡೆ ಹತ್ತಿರವೇ ಫಲಕ ಇದೆ, ದಿನಾ ವಾಕಿಂಗ್ ಹೋಗ್ತೀರಲ್ಲ, ಓದಿ.

ರಘು ದೊಡ್ಡಪ್ಪ: ಅಪಾರ್ಟ್‌ಮೆಂಟ್ ಗುಂಪಿಗೂ ಈ ಪಟ್ಟಿ ಹಾಕಿಬಿಟ್ಟೆ. ಎಲ್ಲರೂ ಹೆಬ್ಬೆರಳು ಒತ್ತಿದ್ದಾರೆ.

ಅಭಿ: ಡಿಲೀಟ್ ಮಾಡಿ ದೊಡ್ಡಪ್ಪ.

ರಘು ದೊಡ್ಡಪ್ಪ: ಯಾಕೆ? ಮೂರು ಸರಿ ಅಂದಳಲ್ಲ.